ಸಮಾಂತರ ರೇಖೆಗಳ ಸ್ಲೋಪ್

ಸಮಾಂತರ ರೇಖೆಗಳ ಸ್ಲೋಪ್ ಸಮ ಎಂದು ಫಸ್ಟ್ ಪಿಯುಸಿಯಲ್ಲಿ ಎಲ್ಲರೂ ಬಾಯಿಪಾಠ ಮಾಡುತ್ತೇವೆ. ನನಗೆ ಅದು ಮನದಟ್ಟಾದದ್ದು ನಮಾಜಿನ ಸಫ್‌ಗಳಿಂದ. ಕಟ್ಟಡ ಕಿಬ್ಲಾಕ್ಕೆ ನೇರವಾಗಿಲ್ಲದಿದ್ದರೆ ನೆಲದ ಗೆರೆಗಳನ್ನು ಗೋಡೆಗೆ ಓರೆಯಾಗಿ ಎಳೆದಿರುತ್ತಾರೆ. ಮೊದಲ ಸಫ್ ಎಷ್ಟು ಓರೆಯೋ ಕೊನೆಯದೂ ಅಷ್ಟೇ ಓರೆ, ಜಾಗ ಮಾತ್ರ ಬೇರೆ. ಆ ಓರೆಯ ಅಳತೆಯೇ ಸ್ಲೋಪ್.

ಈಗ ಲೆಕ್ಕ. 3ಎಕ್ಸ್ + 4ವೈ = 12 ರೇಖೆಗೆ ಸಮಾಂತರವಾಗಿ (2, 5) ಬಿಂದುವಿನ ಮೂಲಕ ಹೋಗುವ ರೇಖೆ ಬೇಕು. ವೈಯನ್ನು ಒಂದೇ ಬದಿಗೆ ತಂದರೆ ವೈ = −(3/4)ಎಕ್ಸ್ + 3. ಸ್ಲೋಪ್ −3/4, ಅಂದರೆ ಬಲಕ್ಕೆ 4 ಮಾನ ಸರಿದರೆ ರೇಖೆ 3 ಮಾನ ಇಳಿಯುತ್ತದೆ. ಹೊಸ ರೇಖೆಗೂ ಅದೇ ಸ್ಲೋಪ್. ಹಾಗಾಗಿ ಎಡಬದಿಯನ್ನು ಮುಟ್ಟಬೇಕಿಲ್ಲ, ಬಿಂದುವನ್ನು ಹಾಕಿದರೆ ಸಾಕು: 6 + 20 = 26. ಉತ್ತರ 3ಎಕ್ಸ್ + 4ವೈ = 26.

ಪರೀಕ್ಷೆಯಲ್ಲಿ ಕಣ್ಣು ತಪ್ಪಿಸುವುದು 6ಎಕ್ಸ್ + 8ವೈ = 5 ಥರದ್ದು. ಅಂಕಿಗಳು ಬೇರೆ, ಸ್ಲೋಪ್ −6/8, ಅದೂ −3/4 ತಾನೇ! ಆದರೆ 6ಎಕ್ಸ್ + 8ವೈ = 24 ಬೇರೆ ರೇಖೆಯೇ ಅಲ್ಲ; ಮೊದಲನೆಯದನ್ನೇ 2ರಿಂದ ಗುಣಿಸಿದ್ದು. ಆದ್ದರಿಂದ ಸ್ಲೋಪ್ ಜೊತೆಗೆ ಸ್ಥಿರಾಂಕವನ್ನೂ ನೋಡಿ.

ಎಕ್ಸ್ = 2, ಎಕ್ಸ್ = 7 ಎಂಬ ಲಂಬ ರೇಖೆಗಳಿಗೆ ಛೇದ ಸೊನ್ನೆಯಾಗುವುದರಿಂದ ಸ್ಲೋಪ್ ಇಲ್ಲ. ಆದರೂ ಅವು ಸಮಾಂತರ.