ಬಾಣ ಕೂರುವ ಜಾಗ

ಮದ್ದೂರಿಗೆ ಅರ್ಜುನಪುರಿ ಎಂಬ ಹಳೆಯ ಹೆಸರುಂಟು. ಅದೇ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ, ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂದು ಜನ ನಂಬುವ ಧನುಷ್ಕೋಟಿ ಇದೆ. ಬಿಲ್ಲಿನ ಕಥೆ ಕೇಳುತ್ತ ಬೆಳೆಯುವ ಈ ಸೀಮೆಯ ಮಕ್ಕಳು ಟಿ.ವಿ.ಯಲ್ಲಿ ಕಾಣುವ ಬಿಲ್ಲು ಮಾತ್ರ ಬೇರೆ ಥರದ್ದು. ತುದಿಗಳಲ್ಲಿ ಗಾಲಿ, ನಡುವೆ ಕೇಬಲ್, ಗುರಿ ಹಿಡಿಯಲು ಮಸೂರ. ಇದೇ ಕಾಂಪೌಂಡ್ ಬಿಲ್ಲು. ಅಮೆರಿಕದ ಹೋಲೆಸ್ ವಿಲ್ಬರ್ ಆಲೆನ್ ರೂಪಿಸಿದ ಇದಕ್ಕೆ 1969ರಲ್ಲಿ ಪೇಟೆಂಟ್ ಸಿಕ್ಕಿತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ವಿಭಾಗದ ಐದೂ ಚಿನ್ನ ಭಾರತದ ಪಾಲಾದವು; ಅವುಗಳಲ್ಲಿ ಮೂರರಲ್ಲಿ ವಿಜಯವಾಡದ ಜ್ಯೋತಿ ಸುರೇಖಾ ವೆನ್ನಂ ಇದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಿಶ್ರ ತಂಡ ಸ್ಪರ್ಧೆಯ ಮೂಲಕ ಈ ಬಿಲ್ಲು ಮೊದಲ ಸಲ ಕಾಲಿಡಲಿದೆ.

ಬಿಲ್ಲು ಕೊಳ್ಳುವಾಗ ಎಲ್ಲರೂ ಅದರ ಹೆಸರು, ಬೆಲೆ ನೋಡುತ್ತಾರೆ. ಬಾಣ ಕೂರುವ ಪುಟ್ಟ ಭಾಗ, ಅಂದರೆ ಆರೋ ರೆಸ್ಟ್ ಕಡೆಗೆ ಗಮನ ಹೋಗುವುದು ಕಡಿಮೆ. ಹಳೆಯ ಬಿಲ್ಲುಗಳಲ್ಲಿ ಬಿಲ್ಲುಗಾರನ ಮುಷ್ಟಿಯೇ ಬಾಣಕ್ಕೆ ಆಸರೆ. ಈಗ ಸ್ಪರ್ಧೆಯ ಗುರಿ 50 ಮೀಟರ್ ದೂರ, ಹತ್ತು ಅಂಕದ ವೃತ್ತ 8 ಸೆಂಟಿಮೀಟರ್ ಅಗಲ. ಸುಮಾರು 70 ಸೆಂಟಿಮೀಟರ್ ಉದ್ದದ ಬಾಣದ ತುದಿ ಒಂದು ಮಿಲಿಮೀಟರ್ ವಾರೆಯಾದರೂ ಲೆಕ್ಕದ ಪ್ರಕಾರ ಗುರಿಯ ಬಳಿ ಏಳು ಸೆಂಟಿಮೀಟರ್ ತಪ್ಪುತ್ತದೆ. ಪ್ರತಿ ಸಲವೂ ಬಾಣವನ್ನು ಒಂದೇ ಕಡೆ ಕೂರಿಸಿ ಕಳಿಸುವುದೇ ರೆಸ್ಟ್‌ನ ಕೆಲಸ.

ಮೂರು ಬಗೆ

ಕಾಂಪೌಂಡ್ ಬಿಲ್ಲಿನ ಹೆದೆಯನ್ನು ಬೆರಳಿನಿಂದಲ್ಲ, ರಿಲೀಸ್ ಎಂಬ ಕೊಕ್ಕೆಯಿಂದ ಬಿಡುತ್ತಾರೆ. ಬೆರಳಿನಿಂದ ಬಿಟ್ಟ ಬಾಣ ಎಡಬಲಕ್ಕೆ ಬಳುಕಿದರೆ, ರಿಲೀಸ್‌ನಿಂದ ಹೊರಟದ್ದು ಹೆಚ್ಚಾಗಿ ಮೇಲೆ ಕೆಳಗೆ ಬಳುಕುತ್ತದೆ. ಆದ್ದರಿಂದ ಇಲ್ಲಿ ಆಸರೆ ಕೆಳಗಿನಿಂದಲೇ ಬೇಕು.

ಮೊದಲನೆಯದು ಬ್ಲೇಡ್. ತುದಿಯಲ್ಲಿ ಕವಲಿರುವ ತೆಳ್ಳನೆಯ ಸ್ಪ್ರಿಂಗ್ ಉಕ್ಕಿನ ಪಟ್ಟಿ; ದಪ್ಪ 0.2ರಿಂದ 0.3 ಮಿಲಿಮೀಟರ್ ಆಸುಪಾಸು. ಬಾಣ ಭಾರವಾದಷ್ಟೂ ಗಟ್ಟಿ ಪಟ್ಟಿ ಬೇಕು. ಕೆಡುವ ಯಂತ್ರಭಾಗ ಇದರಲ್ಲಿಲ್ಲ. ಆದರೆ ಬಿಲ್ಲು ವಾಲಿದರೆ ಬಾಣ ಜಾರಿಬೀಳುತ್ತದೆ.

ಎರಡನೆಯದು ಡ್ರಾಪ್ ಅವೇ. ಹೆದೆ ಎಳೆದಾಗ ಮೇಲೇಳುತ್ತದೆ, ಬಾಣ ಹೊರಟ ಮೇಲೆ ಗರಿ ಬರುವಷ್ಟರಲ್ಲಿ ಕೆಳಕ್ಕೆ ಬೀಳುತ್ತದೆ. ಇದನ್ನು ಆಡಿಸುವ ದಾರವನ್ನು ಕೇಬಲ್‌ಗೋ ಬಿಲ್ಲಿನ ತೋಳಿಗೋ ಕಟ್ಟಿರುತ್ತಾರೆ. ಆ ದಾರ ಸಡಿಲವಾದರೆ, ಸವೆದರೆ ಬೀಳುವ ಹೊತ್ತು ತಪ್ಪಿ ಬಾಣ ಚೆದುರುತ್ತದೆ.

ಮೂರನೆಯದು ಬಾಣವನ್ನು ಸುತ್ತಲೂ ಹಿಡಿಯುವ ಬ್ರಷ್ ಬಳೆ. ಬಾಣ ಬೀಳುವುದೇ ಇಲ್ಲ; ಆದರೆ ಗರಿ ಉಜ್ಜಿ ಸವೆಯುತ್ತದೆ, ವೇಗವೂ ಕೊಂಚ ತಗ್ಗುತ್ತದೆ. ಹೊರದೇಶಗಳ ಬೇಟೆಗಾರರಿಗೆ ಇದು ಅಚ್ಚುಮೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿರುವ ನಮ್ಮ ದೇಶದಲ್ಲಿ ಬಿಲ್ಲಿಗೆ ಕೆಲಸವಿರುವುದು ಮೈದಾನದಲ್ಲಿ ಮಾತ್ರ.

ದಿನಪತ್ರಿಕೆಯೇ ಪರೀಕ್ಷಕ

ರೆಸ್ಟ್ ಸರಿಯಾಗಿ ಕೂತಿದೆಯೇ ಎಂದು ನೋಡಲು ದುಬಾರಿ ಸಾಧನ ಬೇಕಿಲ್ಲ. ಚೌಕಟ್ಟಿಗೆ ದಿನಪತ್ರಿಕೆಯ ಹಾಳೆ ಬಿಗಿದು, ಅದರ ಹಿಂದೆ ಬಾಣ ತಡೆಯುವ ಗುರಿಹಲಗೆ ಇಟ್ಟು, ತರಬೇತುದಾರರ ಕಣ್ಣೆದುರು ಎರಡು ಮೂರು ಮೀಟರ್ ದೂರದಿಂದ ಬಾಣ ಬಿಡಬೇಕು. ಮೊನೆಯ ತೂತಿನ ಸುತ್ತಲೇ ಗರಿಯ ಸೀಳುಗಳು ಬಿದ್ದರೆ ಬಾಣ ನೆಟ್ಟಗೆ ಹೋಗಿದೆ. ಗರಿಯ ಗುರುತು ಮೊನೆಗಿಂತ ಮೇಲೆ ಬಿದ್ದರೆ ಬಾಣದ ಬಾಲ ಎದ್ದಿದೆ. ರೆಸ್ಟನ್ನು ಕೂದಲೆಳೆಯಷ್ಟು ಏರಿಸಬೇಕು. ಗರಿ ಎಲ್ಲಾದರೂ ತಗಲುತ್ತಿದೆ ಎಂಬ ಅನುಮಾನವಿದ್ದರೆ ಅದಕ್ಕೆ ಮುಖದ ಪೌಡರ್ ಹಚ್ಚಿ ಬಿಟ್ಟು ನೋಡಿ, ಉಜ್ಜಿದ ಜಾಗ ತಾನೇ ಕಾಣುತ್ತದೆ.

ಗುರಿ ಸ್ಪರ್ಧೆಗೆಂದು ಕಲಿಯಹೊರಟ ಮಕ್ಕಳಿಗೆ ನನ್ನ ಆಯ್ಕೆ ಬ್ಲೇಡ್. ಬಿಲ್ಲನ್ನು ನೆಟ್ಟಗೆ ಹಿಡಿಯುವ ಶಿಸ್ತನ್ನು ಅದೇ ಕಲಿಸುತ್ತದೆ. ಕೈ ಕುದುರಿದ ಮೇಲೆ, ದಾರವನ್ನು ನೋಡಿಕೊಳ್ಳುವ ತಾಳ್ಮೆ ಇದ್ದವರು ಡ್ರಾಪ್ ಅವೇ ಕೊಳ್ಳಲಿ. ಮಂಡ್ಯ, ಮಳವಳ್ಳಿಯ ಹೆತ್ತವರಲ್ಲಿ ಒಂದು ಮನವಿ: ಬಿಲ್ಲಿಗೆ ಹಣ ಹೊಂದಿಸುವಾಗ, ರೆಸ್ಟ್ ಕೂರಿಸಿ ಸರಿಪಡಿಸಲು ಬಲ್ಲ ತರಬೇತುದಾರರ ಒಂದು ದಿನವನ್ನೂ ಹೊಂದಿಸಿಕೊಳ್ಳಿ.