ಹೊಗೆಕೊಳವೆಗೆ ತಕ್ಕ ಬಣ್ಣ ಯಾವುದು?

ಕಲಬುರಗಿಯ ನೆರೆಯ ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದ ಲಾರಿಗಳನ್ನಾಗಲಿ, ಸುತ್ತಲಿನ ಕರಿನೆಲದ ತೊಗರಿಹೊಲಗಳಲ್ಲಿ ಓಡಾಡುವ ಟ್ರಾಕ್ಟರುಗಳನ್ನಾಗಲಿ ನೋಡಿರಿ. ಮೈಯೆಲ್ಲ ಬಣ್ಣದಿಂದ ಹೊಳೆಯುತ್ತಿದ್ದರೂ ಹೊಗೆಕೊಳವೆ ಮಾತ್ರ ತುಕ್ಕು ಹಿಡಿದಿರುವುದುಂಟು. ಆಯುಧಪೂಜೆಗೆಂದು ಅದಕ್ಕೂ ಎನಾಮೆಲ್ ಬಣ್ಣ ಬಳಿದರೆ ನಾಲ್ಕು ದಿನಗಳಲ್ಲಿ ಅದು ಹೊಗೆಯಾಡಿ, ಗುಳ್ಳೆಯೆದ್ದು, ಹಪ್ಪಳದಂತೆ ಉದುರುತ್ತದೆ. ಒಡೆಯನು ಅಂಗಡಿಯವನನ್ನು ಶಪಿಸುತ್ತಾನೆ. ಬಣ್ಣದಲ್ಲಿ ಮೋಸವಿಲ್ಲ; ತಪ್ಪಿರುವುದು ಆಯ್ಕೆಯಲ್ಲಿ.

ಈ ಸೀಮೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ನಮಗೆ ದೊಡ್ಡ ಮಾತು, ಬಣ್ಣಕ್ಕಲ್ಲ. ಆದರೆ ಭಾರ ಎಳೆಯುತ್ತಿರುವ ಡೀಸೆಲ್ ಇಂಜಿನ್ನಿನಿಂದ ಹೊರಡುವ ಅನಿಲ 500-600 ಡಿಗ್ರಿಗಳಷ್ಟು ಬಿಸಿಯಾಗಿರಬಲ್ಲದು. ಪೆಟ್ರೋಲ್ ಇಂಜಿನ್ನಿನಲ್ಲಿ 800ನ್ನೂ ಮೀರಬಹುದು. ಕೊಳವೆಯ ಹೊರಮೈ ಇದಕ್ಕಿಂತ ತಣ್ಣಗಿರುತ್ತದೆ, ನಿಜ. ಆದರೂ ಸಾಮಾನ್ಯ ಎನಾಮೆಲ್ ಸುಮಾರು 200 ಡಿಗ್ರಿಯ ಆಸುಪಾಸಿನಲ್ಲೇ ಕರಕಾಗತೊಡಗುತ್ತದೆ.

ಇದಕ್ಕೆ ಕಾರಣವೇನು? ಬಣ್ಣದ ಪುಡಿಯನ್ನು ಲೋಹಕ್ಕೆ ಹಿಡಿದಿಡುವ ಅಂಟುದ್ರವ್ಯವು ಇಂಗಾಲದ ಪರಮಾಣುಗಳ ಸರಪಳಿ. ಬಿಸಿಯಾದಾಗ ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಉರಿದುಹೋಗುತ್ತದೆ. ಸಿಲಿಕೋನ್ ಬಣ್ಣದಲ್ಲಿ ಸರಪಳಿ ಬೇರೆ. ಅಲ್ಲಿ ಸಿಲಿಕಾನ್ ಮತ್ತು ಆಮ್ಲಜನಕಗಳು ಒಂದರ ಪಕ್ಕ ಒಂದು ಕೈಹಿಡಿದು ನಿಂತಿರುತ್ತವೆ. ನಮ್ಮ ಹಳ್ಳದ ಮರಳಿನಲ್ಲಿರುವುದೂ ಇದೇ ಬಂಧ. ಇಂತಹ ಸಂಯುಕ್ತಗಳನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ದಶಕಗಳ ಕಾಲ ಅಭ್ಯಸಿಸಿದ ಕಿಪ್ಪಿಂಗ್ ಎಂಬ ರಸಾಯನಶಾಸ್ತ್ರಜ್ಞನು ಇವುಗಳ ಭವಿಷ್ಯದಲ್ಲಿ ಹೆಚ್ಚಿನ ಭರವಸೆಯಿಲ್ಲವೆಂದು 1937ರಲ್ಲಿ ಹೇಳಿದ್ದನು! 1943ರಲ್ಲಿ ಅಮೆರಿಕದಲ್ಲಿ ಅವುಗಳನ್ನು ತಯಾರಿಸಲೆಂದೇ ಡೌ ಕಾರ್ನಿಂಗ್ ಕಂಪನಿ ಹುಟ್ಟಿತು. ಸಿಲಿಕೋನಿನಲ್ಲಿಯೂ ಸ್ವಲ್ಪ ಇಂಗಾಲವಿದೆ. ತೀವ್ರ ಶಾಖದಲ್ಲಿ ಅದು ಉರಿದುಹೋದರೂ ಮರಳಿನ ಜಾತಿಯ ಹಂದರ ಉಳಿದು ಅಲ್ಯೂಮಿನಿಯಂ ಚೂರುಗಳನ್ನು ಹಿಡಿದಿಡುತ್ತದೆ. ಆದುದರಿಂದಲೇ ಇಂತಹ ಬೆಳ್ಳಿಬಣ್ಣ 550-600 ಡಿಗ್ರಿಗಳವರೆಗೆ ಬಾಳುತ್ತದೆ. ಕಪ್ಪೇ ಬೇಕೆನ್ನುವವರು ಎಚ್ಚರವಹಿಸಬೇಕು: ಕಾಡಿಗೆಯಿಂದಾದ ಕಪ್ಪು ತಾನೇ ಉರಿಯುತ್ತದೆ, ಮ್ಯಾಂಗನೀಸ್, ತಾಮ್ರ ಮೊದಲಾದ ಲೋಹಗಳ ಆಕ್ಸೈಡುಗಳ ಕಪ್ಪನ್ನು ಕೇಳಬೇಕು.

ಒಳ್ಳೆಯ ಡಬ್ಬಿ ತಂದ ಮಾತ್ರಕ್ಕೆ ಕೆಲಸವಾಗಲಿಲ್ಲ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆ 500 ಡಿಗ್ರಿ ಬಿಸಿಯೇರಿದರೆ ಸುಮಾರು 6-7 ಮಿಲಿಮೀಟರ್ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ದಪ್ಪ ಲೇಪ ಈ ಹಿಗ್ಗಾಟಕ್ಕೆ ಹೊಂದಿಕೊಳ್ಳಲಾರದೆ ಬಿರುಕುಬಿಡುತ್ತದೆ. ಎರಡು ತೆಳುಲೇಪಗಳು ಒಂದು ದಪ್ಪಲೇಪಕ್ಕಿಂತ ಮೇಲು. ಹಳೆಯ ಬಣ್ಣ, ತುಕ್ಕು, ಎಣ್ಣೆಯ ಜಿಡ್ಡು ಒಂದಿಷ್ಟೂ ಉಳಿಯಬಾರದು. ಮರಳು ಎರಚಿ ಉಜ್ಜಿಸುವುದು ಉತ್ತಮ, ಇಲ್ಲವಾದರೆ ತಂತಿಬ್ರಷ್ಷು, ಉಪ್ಪುಕಾಗದ, ಥಿನ್ನರುಗಳೇ ಗತಿ. ಬಳಿದ ಬಣ್ಣ ಕೈಗೆ ಒಣಗಿದಂತೆ ಕಂಡರೂ ಹದಕ್ಕೆ ಬಂದಿರುವುದಿಲ್ಲ. ಡೀಸೆಲ್ ಹನಿ ಬಿದ್ದರೆ ಕರಗೀತು. ಹೊಸ ಹಂಚನ್ನು ಪಳಗಿಸುವ ಗೃಹಿಣಿಯಂತೆ ಇಂಜಿನ್ನನ್ನು ಮೊದಲು ಸ್ವಲ್ಪ ಹೊತ್ತು ನಡೆಸಿ, ಆರಿಸಿ, ಮತ್ತೆ ಹೆಚ್ಚು ಹೊತ್ತು ನಡೆಸಬೇಕು. ಹೊತ್ತು, ಉಷ್ಣತೆಗಳನ್ನು ಡಬ್ಬಿಯ ಮೇಲೆ ಬರೆದಿರುತ್ತಾರೆ. ಆಗ ಏಳುವ ಹೊಗೆಯನ್ನು ಸೇದಬಾರದು. ಬಯಲಿನಲ್ಲೇ ಈ ಕೆಲಸ ನಡೆಯಲಿ.

ಪೆಟ್ರೋಲ್ ಕಾರಿನ ಇಂಜಿನ್ನಿಗೆ ತಗುಲಿಕೊಂಡ ಕೊಳವೆಗಳಿಗೆ ಬಣ್ಣಕ್ಕಿಂತ ಪಿಂಗಾಣಿ ಜಾತಿಯ ಸಿರಾಮಿಕ್ ಲೇಪವೇ ತಕ್ಕದ್ದು. ಖರ್ಚು ಮಾತ್ರ ಹೆಚ್ಚು. ಶಾಖ ತಡೆಯುವ ಪಟ್ಟಿ ಸುತ್ತುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅದು ಮಳೆಗಾಲದ ತೇವವನ್ನು ಹಿಡಿದಿಟ್ಟು ಕೊಳವೆಯನ್ನು ಕಣ್ಣಿಗೆ ಕಾಣದಂತೆ ತಿನ್ನಿಸುತ್ತದೆ. ಟ್ರಾಕ್ಟರಿಗೂ ಲಾರಿಗೂ ಬೆಳ್ಳಿಯ ಸಿಲಿಕೋನ್ ಬಣ್ಣ ಸಾಕು.

ಬಣ್ಣ ಬಳಿಯುವ ಮುನ್ನ ಕೊಳವೆಯನ್ನು, ಮುಖ್ಯವಾಗಿ ಬೆಸುಗೆಯ ಕೀಲುಗಳನ್ನು, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿರಿ. ತುಕ್ಕು ತೂತು ಮಾಡಿದ್ದರೆ ಅಲ್ಲಿಂದ ಸೋರುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಲಾರಿಯ ಕ್ಯಾಬಿನ್ನಿನಲ್ಲಿ ಮಲಗಿದ ಚಾಲಕನನ್ನು ಅದು ಎಬ್ಬಿಸುವುದಿಲ್ಲ. ಅಂತಹ ಕೊಳವೆಯನ್ನು ಬೆಸೆಯಿಸಬೇಕು ಅಥವಾ ಬದಲಿಸಬೇಕು. ಬಣ್ಣದ ಡಬ್ಬಿಯನ್ನು ಆಮೇಲೆ ತೆರೆಯಬಹುದು.