ಬ್ಯಾರನ್ ಎಷ್ಟು ದೊಡ್ಡದಿರಬೇಕು?

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬೇಲು ತರುವ ತಂಬಾಕು ಬೆಳೆಗಾರನ ಲಾಭ–ನಷ್ಟ ಬಹುಮಟ್ಟಿಗೆ ಅದಕ್ಕೂ ಮೊದಲೇ, ಹೊಲದಂಚಿನ ಬ್ಯಾರನ್ನಿನೊಳಗೆ ನಿರ್ಧಾರವಾಗಿರುತ್ತದೆ. ಹಳೆಯದು ಕುಸಿದು ಹೊಸ ಬ್ಯಾರನ್ ಕಟ್ಟಿಸುವವರಿಗೆ ಎದುರಾಗುವ ಮೊದಲ ಪ್ರಶ್ನೆ ಅಳತೆಯದು. ದೊಡ್ಡದಿದ್ದರೆ ಒಂದೇ ಸಲ ಹೆಚ್ಚು ಸೊಪ್ಪು ಹದವಾಗುತ್ತದೆಂಬ ಲೆಕ್ಕ ಸಹಜವೇ. ಆದರೆ ಅದು ಪೂರ್ತಿ ತುಂಬಿದಾಗ ಮಾತ್ರ ನಿಜ.

ತಂಬಾಕಿನ ಎಲೆ ಬುಡದಿಂದ ಮೇಲಕ್ಕೆ ಹಂತಹಂತವಾಗಿ ಮಾಗುತ್ತದೆ. ಸಮನಾಗಿ ಮಾಗಿದ್ದನ್ನು ಒಂದೇ ದಿನ ಮುರಿದು ಏರಿಸಬೇಕು. ಆಳು ಸಿಗದೆ ಎರಡು ದಿನದ ಸೊಪ್ಪು ಬೆರೆತರೆ ಬಣ್ಣ ಕೆಡುತ್ತದೆ. ಅರ್ಧವೇ ತುಂಬಿಸಿದರೂ ಗೋಡೆ, ಚಾವಣಿ ಕಾಯಿಸಲು ಸೌದೆ ಹೆಚ್ಚುಕಡಿಮೆ ಅಷ್ಟೇ ಬೇಕು. (ಹೆಸರು ಹೊಗೆಸೊಪ್ಪಾದರೂ ಇಲ್ಲಿ ಎಲೆಗೆ ಹೊಗೆ ತಾಗುವಂತಿಲ್ಲ, ಕೊಳವೆಯ ಬಿಸಿಯಷ್ಟೇ ತಾಗಬೇಕು.) ತೀರಾ ಚಿಕ್ಕದಾದರೆ ಮಾಗಿದ ಎಲೆ ಸರದಿ ಕಾಯುತ್ತ ಗಿಡದಲ್ಲೇ ಹಾಳಾಗುತ್ತದೆ. ಒಮ್ಮೆ ಬೆಂಕಿ ಹಾಕಿದರೆ ಐದಾರು ದಿನ ಆರಗೊಡುವಂತಿಲ್ಲ. ಎಲೆ ಹಳದಿಯಾಗಲು 35ರಿಂದ 40 ಡಿಗ್ರಿ ಸೆಲ್ಸಿಯಸ್ ಸಾಕು; ಕೊನೆಯಲ್ಲಿ ನಡುದಂಟು ಒಣಗಲು ಸುಮಾರು 70 ಡಿಗ್ರಿ ಬೇಕು.

ತಂಬಾಕೇ ಬೇಡವೆಂಬ ವಾದ ಬೇರೆ, ಅದು ನ್ಯಾಯವೂ ಹೌದು. ಬೆಳೆಯುವಷ್ಟು ಕಾಲವಾದರೂ ಒಂದು ಕಿಲೋ ಹದಗೊಂಡ ಸೊಪ್ಪಿಗೆ ಸುಮಾರು ನಾಲ್ಕೈದು ಕಿಲೋ ಸೌದೆ ಉರಿಯುತ್ತಿದೆಯೆಂಬುದನ್ನು ಮರೆಯಲಾಗದು. ಆದ್ದರಿಂದ ಬ್ಯಾರನ್ನಿನ ಅಳತೆಯನ್ನು ಹೊಲದ ವಿಸ್ತಾರಕ್ಕಿಂತ, ಒಂದು ದಿನ ಎಲೆ ಮುರಿಯಲು ಸಿಗುವ ಕೈಗಳಿಗೆ ಹೊಂದಿಸುವುದು ಲೇಸು. ಉಳಿದ ಹಣದಲ್ಲಿ ಚಾವಣಿಯ ಮೇಲೆ ತೆಂಗಿನ ನಾರಿನ ಪುಡಿ ಹರಡಿಸಿದರೆ ಬಿಸಿ ಸೋರುವುದು ಕಡಿಮೆಯಾಗುತ್ತದೆ. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣವೇನೂ ದೂರವಿಲ್ಲ.